ಮೂರನೆಯ ಕೆಂಪು ಗುರುತು

ಬಿಬ್ವೇವಾಡಿ, ಪುಣೆ
೨ ಜೂನ್ ೨೦೨೫, ಸೋಮವಾರ

ಚಿ. ಸೌ. ದೀಪಾಲಿಗೆ, ಕುರ್ಚಿ ಬಿಟ್ಟು ಏಳಲು ಅಪ್ಪಣೆಯಿಲ್ಲದ, ನಿನ್ನ ಅಣ್ಣನ ಹೆಂಡತಿಯೆಂಬ ವೈನಿ ಕೂತಲ್ಲಿಂದಲೇ ಮಾಡುವ ಆಶೀರ್ವಾದ.

ವಾಟ್ಸಾಪಿನ ಕಾಲದಲ್ಲಿ ವೈನಿಗೆ ಟಪಾಲಿನ ಹುಚ್ಚು ಯಾಕೆ ಹಿಡಿಯಿತೆಂದು ಹುಬ್ಬೇರಿಸಬೇಡ. ಕಾರಣ ಘನವಾದದ್ದಿದೆ. ಹೋದ ತಿಂಗಳಿಂದ ನಮ್ಮ ಮನೆಯಲ್ಲಿ ಒಬ್ಬ ಮಹಾಶಯರು ಇರಲು ಬಂದಿದ್ದಾರೆ. ಹೆಸರು ‘ಸಾಥಿ’. ಉಣ್ಣುವುದಿಲ್ಲ, ಮಲಗುವುದಿಲ್ಲ, ಲ್ಯಾಪ್‌ಟಾಪಿನ ನೆತ್ತಿಯ ಸಣ್ಣ ತೂತಿನಲ್ಲಿ ವಾಸ. ಮನೆಯಿಂದ ಕೆಲಸ ಮಾಡುತ್ತೇವೆನ್ನುವವರು ಕೆಲಸ ಮಾಡುತ್ತಿದ್ದಾರೋ, ಬರೀ ಮನೆಯಲ್ಲಿದ್ದಾರೋ ನೋಡಿ ಬರಲು ಕಂಪನಿ ಕಳಿಸಿದ್ದು. ಹೇಳದೆ ಕೇಳದೆ ಗಂಟೆಗೆ ಆರೇಳು ಫೋಟೋ ತೆಗೆಯುತ್ತಾರೆ. ನನ್ನ ಮದುವೆಯಲ್ಲೂ ನನ್ನನ್ನು ಯಾರೂ ಇಷ್ಟು ಆಸ್ಥೆಯಿಂದ ನೋಡಿರಲಿಲ್ಲ. ನಾಲ್ಕು ನಿಮಿಷ ಬೆರಳು ಸುಮ್ಮನಾದರೆ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: ‘ನೀವು ಇದ್ದೀರಾ?’ ಉಪನಿಷತ್ತಿನ ಋಷಿಗಳೂ ಇದನ್ನು ದಿನಕ್ಕೆ ಹತ್ತು ಸಲ ಕೇಳಿರಲಾರರು.

ಫೋನಿನಲ್ಲೂ ಸಾಥಿಯವರ ತಮ್ಮನೊಬ್ಬ ಕೂತಿದ್ದಾನೆ. ಹಾಗಾಗಿ ಕಾಗದವೇ ಗತಿ. ಈಗ ನನ್ನ ಎಡಗೈ ಕಂಪನಿಯದು, ಯಾವುದೋ ಗುಂಡಿ ಕುಟ್ಟುತ್ತಿದೆ. ಬಲಗೈ ನಿನ್ನದು, ತೊಡೆಯ ಮೇಲಿನ ಹಾಳೆಯಲ್ಲಿ ಓಡುತ್ತಿದೆ. ಮುಖ ಮಾತ್ರ ಎಂದಿನಂತೆ ಊರವರ ಆಸ್ಪತ್ರೆ ಬಿಲ್ಲು ನೋಡಿ ವಿಮೆ ಸಲ್ಲುತ್ತದೋ ಇಲ್ಲವೋ ಎಂದು ತೀರ್ಪು ಕೊಡುವ ಗಾಂಭೀರ್ಯದಲ್ಲಿದೆ.

ನಿಮ್ಮ ಅಣ್ಣ ಇನ್ನೂ ಭೋರ್ ಕಡೆಯ ಘಾಟಿನಲ್ಲಿ ಕರೆಂಟಿನ ಕಂಬ ನೆಡಿಸುತ್ತಿದ್ದಾರೆ. ಅಲ್ಲಿ ರೇಂಜ್ ಇಲ್ಲ. ಫೋನ್ ಬರಲಿಲ್ಲವೆಂದು ಅವರ ಮೇಲೆ ಸಿಟ್ಟಾಗಬೇಡ, ಗುಡ್ಡದ ಮೇಲೆ ಸಿಟ್ಟಾಗು.

ಏಳನೇ ತಿಂಗಳು ನಿನಗೆ. ಡಾಕ್ಟರು ಮಲಗು ಎಂದಿದ್ದಾರಲ್ಲ, ಮಲಗು. ನಾನು ಪರಿಚಯದ ಹುಡುಗಿ ಎಂದಷ್ಟೇ ಶಿಫಾರಸು ಮಾಡಿ ನಮ್ಮ ಕಂಪನಿಯಲ್ಲೇ ಕೊಡಿಸಿದ ಕೆಲಸವನ್ನೂ ಮಲಗಿಕೊಂಡೇ ಮಾಡು.

ನಿನ್ನ ವೈನಿ,
ಮಂಜರಿ


ಪುಣೆ
೨ ಜೂನ್, ಮಧ್ಯಾಹ್ನ

ದೀಪಾಲಿ, ಇದನ್ನು ಟಪಾಲಿಗೆ ಹಾಕುವುದಿಲ್ಲ. ಯಾರಿಗಾದರೂ ಒಮ್ಮೆ ಹೇಳಿ ಆಗಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಅಣ್ಣ ಭೋರಿನಲ್ಲಿಲ್ಲ. ನನ್ನ ಕುರ್ಚಿಯಿಂದ ಐದು ಹೆಜ್ಜೆ ದೂರ, ಸಾಥಿಯವರ ಕಣ್ಣಿಗೆ ಬೀಳದ ಮೂಲೆಯ ಮಂಚದ ಮೇಲಿದ್ದಾರೆ. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಭೋರಿನ ಬಿಸಿಲಲ್ಲಿ ನಿಂತಲ್ಲೇ ಬಿದ್ದರು. ಲಕ್ವಾ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಬಾಯಿಂದ ಬರುವುದು ‘ಹಾಂ’ ಒಂದೇ. ಬೇಕು ಎಂದರೂ ಹಾಂ, ನೋವು ಎಂದರೂ ಹಾಂ.

ಆಸ್ಪತ್ರೆಯಿಂದ ಬಂದ ದಿನ, ‘ದೀಪಾಲಿಗೆ ಹೇಳಲೇನ್ರಿ?’ ಅಂತ ಕೇಳಿದೆ. ಎಡಗೈಯಿಂದ ಗಾಳಿಯಲ್ಲಿ ಒಂದು ದೊಡ್ಡ ಹೊಟ್ಟೆ ಬರೆದು ತಲೆ ಅಲ್ಲಾಡಿಸಿದರು. ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದಂತೆ.

ಮೊದಲ ಕೆಲವು ತಿಂಗಳಲ್ಲಿ ಶರೀರ ಎಷ್ಟು ಮರಳಿ ಕಲಿಯುತ್ತದೋ ಅಷ್ಟೇ, ಆಮೇಲೆ ಕಷ್ಟ ಎಂದಿದ್ದಾರೆ ಡಾಕ್ಟರು. ವಾರಕ್ಕೆ ಮೂರು ದಿನ ವ್ಯಾನು ಬಂದು ವ್ಯಾಯಾಮ ಕೇಂದ್ರಕ್ಕೆ ಒಯ್ಯುತ್ತದೆ. ಎಲ್ಲ ನನ್ನ ಕಂಪನಿಯ ವಿಮೆಯ ಮೇಲೆ. ನನ್ನ ಕೆಲಸ ಹೋದರೆ ವಿಮೆ ಹೋಯಿತು. ವಿಮೆ ಹೋದರೆ ಅವರು ಆ ಮಂಚದಿಂದ ಏಳುವುದಿಲ್ಲ.

ಕಂಪನಿಯ ನಿಯಮ: ಜನರ ಕಾಯಿಲೆಯ ಕಾಗದ ಗುಟ್ಟಿನವು, ಕೆಲಸದ ಕೋಣೆಯಲ್ಲಿ ಬೇರೆ ನರಪ್ರಾಣಿ ಇರಕೂಡದು. ನಮಗಿರುವುದೇ ಒಂದು ಕೋಣೆ. ಕುರ್ಚಿ ಖಾಲಿ ಕಂಡರೆ ಕೆಂಪು ಗುರುತು. ಮೂರು ಗುರುತಾದರೆ ಮನೆಗೆ. ಮನೆಯಲ್ಲೇ ಇದ್ದವಳು ಮನೆಗೆ. ಅಪೇಕ್ಷಾ ಎಂಬ ಪಾಪದ ಹುಡುಗಿ, ಅತ್ತೆ ಹಾಸಿಗೆ ಹಿಡಿದಿದ್ದಾರೆ ಅಂತ ನಿಜ ಹೇಳಿಕೊಂಡಳು. ವಾರದೊಳಗೆ ‘ನಿಮ್ಮ ಮನೆ ಕೆಲಸಕ್ಕೆ ತಕ್ಕ ಸ್ಥಳವಲ್ಲ, ನಾಳೆಯಿಂದ ಆಫೀಸಿಗೆ ಬನ್ನಿ’ ಎಂದರು. ಕೆಲಸ ಬಿಟ್ಟಳು.

ದೇವರ ಗಂಟೆಯನ್ನು ಅವರ ಎಡಗೈ ಹತ್ತಿರ ಇಟ್ಟಿದ್ದೇನೆ. ಬಚ್ಚಲಿಗೆ ಹೋಗಬೇಕಾದಾಗ ಬಾರಿಸುತ್ತಾರೆ. ಆ ಹೊತ್ತಿಗೆ ಸಾಥಿಯವರು ಕಣ್ಣು ತೆರೆಯದಿರಲಿ ಎಂದು ಬೇಡಿಕೊಳ್ಳುತ್ತ ಓಡುತ್ತೇನೆ.

ಈಗಲೂ ಬಾರಿಸಿದರು.


ಶಹಾಪುರ, ಬೆಳಗಾವಿ
೯ ಜೂನ್ ೨೦೨೫

ವೈನಿಯವರಿಗೆ, ಮಲಗಿದಲ್ಲಿಂದಲೇ ಉದ್ದಂಡ ನಮಸ್ಕಾರ. ಎದ್ದು ಮಾಡಿದರೆ ನಮ್ಮ ಅತ್ತೆ ಅನುಸೂಯಾಬಾಯಿಯವರು ನಿಮ್ಮ ಸಾಥಿಗಿಂತ ಜೋರಾಗಿ ಚೀರುತ್ತಾರೆ.

ನಿಮ್ಮ ಕಾಗದ ಓದಿ ನಕ್ಕಿದ್ದಕ್ಕೆ ಹೊಟ್ಟೆಯೊಳಗಿನ ಪ್ರಾಣಿ ಎರಡು ಸಲ ಒದೆಯಿತು. ಇಲ್ಲಿ ನನಗೆ ನಗು ಬಿಟ್ಟು ಬೇರೆ ಯಾವುದಕ್ಕೂ ಪರವಾನಗಿ ಇಲ್ಲ. ಟೀವಿ ಸುದ್ದಿ ಹಚ್ಚಗೊಡುವುದಿಲ್ಲ. ಬಾಜೂ ಮನೆಯ ಗಂಗೂಬಾಯಿ ಅಜ್ಜಿ ಕಾಣಲಿಲ್ಲವಲ್ಲ ಅಂದರೆ ಅತ್ತೆ, ‘ಊರಿಗೆ ಹೋಗ್ಯಾಳವಾ, ತಂಗಿ ಮನಿಗೆ’ ಅಂತಿದ್ದರು. ಮೊನ್ನೆ ಇವರು ಕೆಲಸದಿಂದ ಬಂದು, ‘ಅಜ್ಜೀದು ಹದಿಮೂರನೇ ದಿನದ ಊಟ ಭಾಳ ಚಲೋ ಆತು’ ಅಂದುಬಿಟ್ಟರು. ಅತ್ತೆ ತಾವು ಹೆತ್ತ ಕೇದಾರನ ಬೆನ್ನಿಗೆ ಗುದ್ದಿದ್ದು ನನಗೆ ಕೇಳಿಸಿತು. ಅಂದರೆ ವೈನಿ, ಈ ಮನೆಯಲ್ಲಿ ಯಾರಾದರೂ ‘ಊರಿಗೆ ಹೋಗ್ಯಾರ’ ಅಂದರೆ ನನ್ನ ಎದೆ ಧಸಕ್ ಅನ್ನುತ್ತದೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಗುಡ್ಡದ ಮೇಲೆ ಹಾಕಬೇಡಿರಿ, ನಾನು ಸಣ್ಣವಳಲ್ಲ. ದಿನಕ್ಕೆರಡು ಸಲ ಫೋನ್ ಹಚ್ಚಿ, ‘ಏನವಾ ಡುಮ್ಮಿ, ಇನ್ನೂ ಎಷ್ಟು ಉಬ್ಬತೀ?’ ಅಂತಿದ್ದವನು ಒಂದೂವರೆ ತಿಂಗಳಿಂದ ಮೌನಿಬಾಬಾ ಆಗಿದ್ದಾನೆ. ನಿಮ್ಮಿಬ್ಬರಲ್ಲಿ ಜಗಳ ಆಗಿದೆ, ಅವನು ಸಿಟ್ಟು ಮಾಡಿ ಭೋರಿನಲ್ಲಿ ಕೂತಿದ್ದಾನೆ. ಹೌದೋ ಅಲ್ಲೋ? ತಪ್ಪು ಅವನದೇ ಇರುತ್ತದೆ. ಆದರೂ ನೀವೇ ಸೋತು ಕರೆಯಿರಿ. ಅವನಿಗೆ ಸೋಲುವುದು ಬರುವುದಿಲ್ಲ.

ನನ್ನ ಕೆಲಸ ಚಲೋ ನಡೆದಿದೆ. ಚಿತ್ರ ನೋಡುವುದು, ಗುಂಡಿ ಒತ್ತುವುದು. ಹೆಚ್ಚಿಗೆ ಹೇಳದಂತೆ ಸಹಿ ಮಾಡಿಸಿಕೊಂಡಿದ್ದಾರೆ.

ನಿಮ್ಮ
ದೀಪಾಲಿ


ಪುಣೆ
೧೪ ಜೂನ್ ೨೦೨೫, ಶನಿವಾರ

ಚಿ. ಸೌ. ದೀಪಾಲಿಗೆ, ಎರಡು ಕೆಂಪು ಗುರುತುಗಳಿಂದ ಅಲಂಕೃತಳಾದ ವೈನಿಯ ಆಶೀರ್ವಾದ.

ಹೌದು. ಒಂದು ವಾರದಲ್ಲಿ ಎರಡು. ಕುರ್ಚಿ ಖಾಲಿ, ಕುರ್ಚಿ ಖಾಲಿ. ಮೇಲಧಿಕಾರಿ ಪಂಢರಿನಾಥ ಸರ್ ಫೋನ್ ಮಾಡಿ, ‘ಮಂಜರಿತಾಯಿ, ಅಕರಾ ಮಿನಿಟಂ ಕುಠೆ ಹೋತಾತ್ ತುಮ್ಹೀ?’ ಎಂದು ಕೇಳಿದರು. ಹನ್ನೊಂದು ನಿಮಿಷ ಹೆಂಗಸೊಬ್ಬಳು ಎಲ್ಲಿದ್ದಳು ಎಂಬುದು ರಾಷ್ಟ್ರೀಯ ಪ್ರಶ್ನೆ. ‘ಬಾತ್‌ರೂಮಿನಲ್ಲಿ’ ಅಂದೆ. ‘ದಿನಾ ಹನ್ನೊಂದು ನಿಮಿಷವೇ?’ ಅಂದರು. ‘ಹೊಟ್ಟೆ ಸರಿಯಿಲ್ಲ ಸರ್’ ಅಂದೆ. ಒಳ್ಳೆಯ ಮನುಷ್ಯ. ನನಗೆ ಬೇಲದ ಹಣ್ಣಿನ ಪಾನಕ ಮಾಡುವ ಬಗೆ ಬರೆದು ಕಳಿಸಿದರು. ಈಗ ಕಂಪನಿಯ ದಫ್ತರಿನಲ್ಲಿ ನಾನು ಅಖಂಡ ಭೇದಿಯಿಂದ ಬಳಲುತ್ತಿರುವ ಹೆಂಗಸು. ಮಾನ ಮುಂಚೆಯೇ ಹೆಚ್ಚಿರಲಿಲ್ಲ, ಈಗ ಪೂರಾ ಹಗುರಾದೆ.

ನಿಜ ಏನೆಂದರೆ, ಒಮ್ಮೆ ಹಾಲು ಉಕ್ಕಿತು, ಇನ್ನೊಮ್ಮೆ ಬೆಕ್ಕು ಬಂತು. ಅಷ್ಟೇ.

ಒಂದು ಸಂಗತಿ ತಿಳಿಯಿತು. ಸಾಥಿಯವರು ಬರೀ ಅನುಮಾನ ಪಡುತ್ತಾರಂತೆ. ಆ ಫೋಟೋ ನೋಡಿ ಕೆಂಪು ಗುರುತು ಒತ್ತುವವರು ಮನುಷ್ಯರೇ ಅಂತೆ, ಎಲ್ಲೋ ಕೂತು. ನಾನು ಅವನನ್ನು ಕಲ್ಪಿಸಿಕೊಂಡಿದ್ದೇನೆ. ದಪ್ಪ ಮೀಸೆ, ಬಾಯಲ್ಲಿ ಗುಟ್ಕಾ, ಹೆಂಡತಿ ತವರಿಗೆ ಹೋಗಿದ್ದಾಳೆ, ಮರಳುವ ಲಕ್ಷಣವಿಲ್ಲ. ದಿನಾ ಬೆಳಗ್ಗೆ ದೀಪ ಹಚ್ಚಿ ಶಪಿಸುತ್ತೇನೆ: ಅವನ ಕುರ್ಚಿಗೆ ತಿಗಣೆ ಹತ್ತಲಿ, ಅವನು ಕೂತಲ್ಲಿ ಕೂಡದಂತಾಗಲಿ. ಬಾಯಲ್ಲಿ ಇಷ್ಟೇ. ಮನಸ್ಸಿನಲ್ಲಿ ಇದಕ್ಕಿಂತ ಕೆಟ್ಟದ್ದು ಬರುತ್ತದೆ ದೀಪಾಲಿ. ನುಂಗುತ್ತೇನೆ.

ಇನ್ನೊಂದು ಗುರುತು ಬಿದ್ದರೆ ನಾನಿಲ್ಲ.

ಜಗಳ ಏನೂ ಇಲ್ಲ. ತಪ್ಪು ಗುಡ್ಡದ್ದೇ.

ವೈನಿ


ಬೆಳಗಾವಿ
೨೦ ಜೂನ್ ೨೦೨೫, ಶುಕ್ರವಾರ

ವೈನಿ, ನಮಸ್ಕಾರ ಆಮೇಲೆ. ಮೊದಲು ನಿಮ್ಮ ಶಾಪ ವಾಪಸ್ ತೆಗೆದುಕೊಳ್ಳಿರಿ.

ಆ ದಪ್ಪ ಮೀಸೆಯವನು ನಾನು.

ಸಹಿ ಹಾಳಾಗಿ ಹೋಗಲಿ, ಹೇಳಿಬಿಡುತ್ತೇನೆ. ನೀವು ಕೊಡಿಸಿದ ಕೆಲಸ ಇದೇ. ಸಾಥಿ ಅನುಮಾನ ಪಟ್ಟ ಫೋಟೋ ನನ್ನ ಕಡೆ ಬರುತ್ತವೆ. ಹೆಸರಿಲ್ಲ, ಊರಿಲ್ಲ, ಮುಖ, ಕೋಣೆ ಎರಡೂ ಮಂಜುಮಂಜು. ‘ಕುರ್ಚಿ ಖಾಲಿ’, ‘ಫೋನ್’, ‘ಅನ್ಯ ವ್ಯಕ್ತಿ’, ‘ತಪ್ಪಿಲ್ಲ’ ಅಂತ ನಾಲ್ಕು ಗುಂಡಿ. ದಿನಕ್ಕೆ ಸಾವಿರದ ಎಂಟುನೂರು ಫೋಟೋ. ಒಂದೊಂದಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ನೋಡಿದರೆ ನನ್ನ ಪರದೆಯ ಮೇಲೆ ಕೇಳುತ್ತದೆ, ‘ನೀವು ಇದ್ದೀರಾ?’ ಅಂತ. ನನ್ನ ಮನೆಯಲ್ಲೂ ಅವರೇ ಇದ್ದಾರೆ ವೈನಿ! ನನ್ನ ಫೋಟೋ ಯಾರು ನೋಡುತ್ತಾರೋ.

ಹೆದರಬೇಡಿರಿ. ಲಕ್ಷಗಟ್ಟಲೆ ಜನರಿದ್ದಾರೆ. ನಿಮ್ಮದು ನನಗೆ ಬರುವುದು ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ರಾಶಿಯಲ್ಲಿ ನಿಮ್ಮ ಕೈಯಿಂದ ಬಿದ್ದ ಒಂದು ಉಳ್ಳಾಗಡ್ಡಿ ಸಿಕ್ಕ ಹಾಗೆ. ಆದರೂ ನಿಮ್ಮ ಕಾಗದ ಬಂದಾಗಿನಿಂದ ಖಾಲಿ ಕುರ್ಚಿ ಕಂಡರೆ, ಪಾಪ ಹಾಲು ಉಕ್ಕಿರಬೇಕು ಅಂತ ಅನಿಸುತ್ತದೆ.

ನಿನ್ನೆಯದು ಕೇಳಿರಿ, ನಗುತ್ತೀರಿ. ಮುಂಜಾನೆ ಹನ್ನೊಂದರ ಸುಮಾರಿಗೆ ತೆಗೆದ ಫೋಟೋ. ಯಾರೋ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ಹಿಂದಿನಿಂದ ಗಂಡಸಿನ ಕೈಯೊಂದು ಬಂದು ಭುಜ ಹಿಡಿದಿದೆ. ಹಗಲು ಹನ್ನೊಂದಕ್ಕೆ ಪ್ರೀತಿ ಉಕ್ಕಿದೆ ಮಹಾರಾಯನಿಗೆ! ಹೆಂಡತಿಯ ಕೆಲಸದ ಹೊತ್ತಾದರೂ ನೋಡಬೇಡವೇ? ‘ಅನ್ಯ ವ್ಯಕ್ತಿ’ ಒತ್ತಿದೆ. ಒತ್ತಿ ನಕ್ಕೆ. ಇವರಿಗೆ ಹೇಳಿದರೆ, ‘ನಾ ಒಮ್ಮೆರೆ ಹಂಗ ಕೈ ಇಟ್ಟೇನೇನ?’ ಅಂತ ತಾವೇ ಬೇಜಾರಾದರು.

ನಮ್ಮ ಅಣ್ಣ ನಿಮ್ಮ ಭುಜದ ಮೇಲೆ ಕೈ ಇಟ್ಟು ಎಷ್ಟು ದಿನ ಆಯಿತು? ಭೋರಿನಿಂದ ಕರೆಸಿಕೊಳ್ಳಿರಿ ಅವನನ್ನು.

ನಿಮ್ಮ ಮೀಸೆಯ
ದೀಪಾಲಿ


ಪುಣೆ
೨೧ ಜೂನ್ ೨೦೨೫, ಶನಿವಾರ

ದೀಪಾಲಿ,

ಮೊದಲು ಊಟ ಮಾಡು. ಆಮೇಲೆ ಕೇದಾರನನ್ನು ಹತ್ತಿರ ಕೂಡಿಸಿಕೊಂಡು ಇದನ್ನು ಓದು.

ನಿಮ್ಮ ಅಣ್ಣ ಎದ್ದು ನಿಂತರು.

ಅದು ಒಳ್ಳೆಯ ಸುದ್ದಿ, ಅದಕ್ಕೇ ಮೊದಲು ಬರೆದೆ. ಕೆಟ್ಟದ್ದು ಹಿಂದಿನದು. ಏಪ್ರಿಲಿನಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಭೋರು, ಗುಡ್ಡ, ರೇಂಜು ಎಲ್ಲ ನಾನು ಕಟ್ಟಿದ ಕಥೆ. ನೀನು ಫೋನ್ ಮಾಡಿದರೆ ‘ಅಣ್ಣಗ ಕೊಡ್ರಿ’ ಅನ್ನುತ್ತೀ, ಅವರಿಗೆ ಮಾತು ಬರುವುದಿಲ್ಲ. ಅದಕ್ಕೇ ಈ ಟಪಾಲಿನ ಶೋಕಿ. ಹಾಲು ಉಕ್ಕಲಿಲ್ಲ, ಬೆಕ್ಕು ಬರಲಿಲ್ಲ. ಎರಡು ಸಲವೂ ಅವರನ್ನು ಬಚ್ಚಲಿಗೆ ಒಯ್ದಿದ್ದೆ. ಬೈಯಬೇಕೆನಿಸಿದರೆ ಬೈ. ನಿನಗೆ ಹೇಳಬೇಡ ಎಂದದ್ದು ಅವರೇ.

ಗುರುವಾರ ಮುಂಜಾನೆ, ಹನ್ನೊಂದು ಹನ್ನೆರಡಕ್ಕೆ. ಹೊತ್ತು ಇಷ್ಟು ಸರಿಯಾಗಿ ಹೇಗೆ ಗೊತ್ತೆಂದರೆ ಫೋಟೋದ ಮೇಲೆ ಬರೆದಿತ್ತು. ನಾನು ಯಾರದೋ ಮೊಣಕಾಲಿನ ಆಪರೇಶನ್ನಿನ ಬಿಲ್ಲು ನೋಡುತ್ತಿದ್ದೆ. ಹಿಂದೆ ಮಂಚ ಕಿರ್ ಅಂತು. ನನ್ನನ್ನು ಕರೆಯಲು ಕೊಟ್ಟ ಗಂಟೆ ಬಾರಿಸಲಿಲ್ಲವಲ್ಲ ಅಂದುಕೊಂಡೆ. ಐದು ಹೆಜ್ಜೆ, ದೀಪಾಲಿ. ಕಪಾಟು ಹಿಡಿದು, ಗೋಡೆ ಹಿಡಿದು, ಬಲಗಾಲು ಎಳೆಯುತ್ತ ತಾವೇ ಬಂದರು. ಹಿಡಿಯಲು ಇನ್ನೇನೂ ಸಿಗದೆ ನನ್ನ ಭುಜ ಹಿಡಿದರು. ‘ಹಾಂ’ ಅಂದರು. ಎರಡು ತಿಂಗಳಲ್ಲಿ ಆ ಹಾಂ ಒಂದರ ಅರ್ಥ ಮಾತ್ರ ನನಗೆ ಕೇಳದೆ ತಿಳಿಯಿತು. ನಾನು ತಿರುಗಿ ನೋಡಲಿಲ್ಲ, ತಿರುಗಿದರೆ ಬೀಳುತ್ತಾರೆ ಅಂತ. ಅವರ ಭಾರ ಹೊತ್ತು ಹಾಗೇ ಕಲ್ಲಾಗಿ ಕೂತೆ. ಆ ಹೊತ್ತಿಗೇ ಸಾಥಿ ಫೋಟೋ ತೆಗೆಯಿತು.

ಸಂಜೆ ಬಂತು: ಅನ್ಯ ವ್ಯಕ್ತಿ. ಮೂರನೆಯದು.

ಗುರುತು ಹಾಕಿದವರೇ ಬರುವ ಶುಕ್ರವಾರ ಸಂಜೆ ಐದರೊಳಗೆ ಹಿಂತೆಗೆದುಕೊಂಡರೆ ಮಾತ್ರ ಅಳಿಯುತ್ತದಂತೆ. ಅವರು ಯಾರೆಂದು ಪಂಢರಿನಾಥ ಸರ್‌ಗೂ ಗೊತ್ತಿಲ್ಲ, ಕೇಳುವ ದಾರಿಯೂ ಇಲ್ಲ. ನಾನು ಅರ್ಜಿ ಬರೆದಿದ್ದೇನೆ. ಅದನ್ನು ಯಾರು ಓದುತ್ತಾರೋ.

‘ಈಗರೆ ಹೇಳಲೇನ್ರಿ ದೀಪಾಲಿಗೆ?’ ಅಂದೆ. ನಿಂತಿದ್ದು ಹೇಳಬಹುದಲ್ಲ, ಅದಕ್ಕೆ ಹಾಂ ಅಂದರು.

ಮಂಜರಿ


ಬೆಳಗಾವಿ
೨೬ ಜೂನ್ ೨೦೨೫, ಗುರುವಾರ

ವೈನಿ,

ಹದಿನೇಳು ಸಲ ಫೋನ್ ಹಚ್ಚಿದೆ. ಯಾಕೆ ಎತ್ತಲಿಲ್ಲ ನೀವು?

ಕಾಗದ ಹನ್ನೆರಡಕ್ಕೆ ಬಂತು. ‘ಗುರುವಾರ’ ಓದಿದೆ, ‘ಭುಜ’ ಓದಿದೆ. ಮುಂದಿನ ಸಾಲು ಕಾಣಲಿಲ್ಲ. ಹಾಸಿಗೆಯಿಂದ ಎದ್ದು ಹೋಗಿ ಲ್ಯಾಪ್‌ಟಾಪಿನಲ್ಲಿ ಆ ಗುರುವಾರದ ಫೋಟೋ ತೆಗೆದು ನೋಡಿದೆ. ಅತ್ತೆ ಹಿಂದೆಯೇ, ‘ಏಳಬ್ಯಾಡವಾ, ಏಳಬ್ಯಾಡ, ಏನಾತು ಹೇಳರೆ’ ಅಂತ. ಸಾಥಿಗೆ ಮುಖ ಮುಚ್ಚಲು ಬರುತ್ತದೆ, ಕೈ ಮುಚ್ಚಲು ಬರುವುದಿಲ್ಲ. ಎಡಗೈ. ಕಿರುಬೆರಳು ಡೊಂಕು. ನನಗೆ ಆರು ವರ್ಷ ಇದ್ದಾಗ ಬಾಗಿಲು ಧಪ್ ಅಂತ ಹಾಕಿ ನಾನೇ ಮುರಿದ ಬೆರಳು. ಅಪ್ಪನ ಮುಂದೆ, ‘ಗಾಳಿಗೆ ಬಾಗಿಲು ಬಡೀತು’ ಅಂತ ನನ್ನನ್ನು ಉಳಿಸಿದ್ದ.

ನಾನು ಐದು ಸೆಕೆಂಡು ನೋಡಲಿಲ್ಲ ವೈನಿ. ಎರಡು ಸೆಕೆಂಡು ನೋಡಿ, ನಕ್ಕು, ಒತ್ತಿದೆ.

ಆದರೆ ಕೇಳಿರಿ, ಎಲ್ಲ ಸರಿ ಮಾಡಿದ್ದೇನೆ. ಗುರುತು ಹಿಂತೆಗೆದಿದ್ದೇನೆ, ಇಂದೇ, ಮೂರೂಕಾಲಿಗೆ. ಕಾರಣ ಕೇಳಿತು. ಪಟ್ಟಿಯಲ್ಲಿ ‘ಕೈತಪ್ಪಿ ಒತ್ತಿದೆ’ ಅಂತಿತ್ತು. ಅದನ್ನು ಒತ್ತಲು ಮನಸ್ಸು ಬರಲಿಲ್ಲ. ಕೈತಪ್ಪಿ ಒತ್ತಿದ್ದಲ್ಲವಲ್ಲ. ಕೆಳಗೆ ‘ಇತರೆ’ ಅಂತ ಖಾಲಿ ಜಾಗ ಇತ್ತು. ಅದರಲ್ಲಿ ಎಲ್ಲ ಬರೆದೆ: ಇದು ಅನ್ಯ ವ್ಯಕ್ತಿ ಅಲ್ಲ, ನನ್ನ ಅಣ್ಣ ಶ್ಯಾಮ; ಕೂತವರು ನನ್ನ ವೈನಿ; ಅಣ್ಣ ಲಕ್ವಾದಿಂದ ಎದ್ದು ಮೊದಲ ಸಲ ನಿಂತದ್ದು; ಆಧಾರ ಬೇಕಾಗಿ ಹಿಡಿದಿದ್ದಾನೆ; ಹಿಂದಿನ ಎರಡು ಖಾಲಿ ಕುರ್ಚಿಗೂ ಅವನೇ ಕಾರಣ; ದಯವಿಟ್ಟು ವೈನಿಯನ್ನು ಕೆಲಸದಿಂದ ತೆಗೆಯಬೇಡಿರಿ. ಬರೆದು ಎರಡು ಸಲ ಓದಿದೆ. ಓದುವವರು ಮನುಷ್ಯರೇ ತಾನೇ. ಇಂಥದ್ದು ಓದಿ ಯಾರ ಕರುಳು ಚುರ್ ಅನ್ನುವುದಿಲ್ಲ?

‘ನಿಮ್ಮ ಮನವಿ ಸ್ವೀಕರಿಸಲಾಗಿದೆ’ ಅಂತ ಬಂತು. ಹಸಿರು ಬಣ್ಣದಲ್ಲಿ.

ಬಿ.ಪಿ. ಏರಿದೆ ಅಂತ ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಕೂಸು ಆರಾಮ ಅದೆ. ಅಣ್ಣಗೆ ಹೇಳಿರಿ.

ಫೋನ್ ಎತ್ತಿರಿ.

ದೀಪಾಲಿ


ಪುಣೆ
೩ ಜುಲೈ ೨೦೨೫, ಗುರುವಾರ

ಚಿ. ಸೌ. ದೀಪಾಲಿಗೆ, ಎಲ್ಲಿ ಬೇಕಾದರೂ ಎದ್ದು ಹೋಗಬಹುದಾದ, ಯಾರೂ ಕೇಳದ ವೈನಿಯ ಆಶೀರ್ವಾದ.

ನಿನ್ನ ಇಪ್ಪತ್ತನೆಯ ತಾರೀಖಿನ ಕಾಗದ ಇಪ್ಪತ್ತೈದಕ್ಕೇ ಕೈಸೇರಿತ್ತು. ಓದುತ್ತಲೇ ಗೊತ್ತಾಯಿತು. ಆ ಗುರುತು ಅಳಿಸಬಲ್ಲವಳು ಇಡೀ ಜಗತ್ತಿನಲ್ಲಿ ನೀನೊಬ್ಬಳೇ, ಇನ್ನೂ ಎರಡು ದಿನವಿದೆ. ಫೋನ್ ಕೈಗೆತ್ತಿಕೊಂಡೆ. ಮೊದಲು ನಿನಗೆ ಹೇಳಬೇಡ ಎಂದಾಗಿನಂತೆಯೇ ಅವರು ಮತ್ತೆ ಗಾಳಿಯಲ್ಲಿ ನಿನ್ನ ದೊಡ್ಡ ಹೊಟ್ಟೆ ಬರೆದರು. ‘ಏನ್ರಿ ನಿಮ್ಮ ಹೊಟ್ಟಿ! ನಿಮ್ಮ ಕಾಲಿನ ಕತಿ ಏನು?’ ಅಂತ ಚೀರಿದೆ. ಮಾತು ಬರದವರ ಜೊತೆ ಜಗಳವಾಡಿ ಸೋತ ಮೊದಲ ಹೆಂಗಸು ನಾನೇ ಇರಬೇಕು. ನನ್ನ ಕಾಗದ ದಾರಿಯಲ್ಲಿತ್ತಲ್ಲ. ಅಣ್ಣನ ಸುದ್ದಿ ಓದಿ ಅಳುವವಳಿಗೆ, ಮೇಲಿಂದ ‘ಒತ್ತಿದವಳು ನೀನೇ’ ಅಂತಲೂ ಹೇಳುವುದು ಬೇಡ ಎಂಬುದು ಅವರ ಹಟ. ಫೋನಿನ ಸದ್ದು ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟೆ. ನಿನ್ನ ಹದಿನೇಳು ಕರೆಗಳು ಅಕ್ಕಿಯಲ್ಲಿ ಹೋದವು.

ಸೋಮವಾರ ಪಂಢರಿನಾಥ ಸರ್ ಮಾತಾಡಿದರು. ಗುರುತು ಅಳಿದಿದೆಯಂತೆ, ನಿಯಮದ ಪ್ರಕಾರ. ಆಮೇಲೆ ನಿನ್ನ ‘ಇತರೆ’ ಓದಿದವರಿಗೆ ಬೇರೆ ನಿಯಮ ಸಿಕ್ಕಿದೆ: ಕೆಲಸ ಮಾಡುವವಳೂ ಅವಳ ಫೋಟೋ ಪರಿಶೀಲಿಸುವವಳೂ ಸಂಬಂಧಿಕರು, ಅದನ್ನು ಬಚ್ಚಿಟ್ಟು ಕಂಪನಿಗೆ ಮೋಸ ಮಾಡಿದ್ದಾರೆ. ಕೋಣೆಯಲ್ಲಿ ರೋಗಿ ಇದ್ದದ್ದು ಲಿಖಿತ ಪುರಾವೆಯಾಗಿ ಅವರ ಕೈಯಲ್ಲೇ ಇದೆ. ನನ್ನನ್ನು ತೆಗೆದರು. ನಿನಗೂ ಅದೇ ಪತ್ರ ಬಂದಿರಬೇಕು. ನಾನು ಕೊಡಿಸಿದ ಕೆಲಸ ನನ್ನ ಜೊತೆಗೇ ಹೋಯಿತು, ನಿಷ್ಠಾವಂತ ಕೆಲಸ.

ಕೊನೆಗೆ ಸರ್ ದನಿ ಇಳಿಸಿ ಒಂದು ಮಾತು ಹೇಳಿದರು. ನಿಮ್ಮ ನಾದಿನಿ ಸುಮ್ಮನೆ ‘ಕೈತಪ್ಪಿ ಒತ್ತಿದೆ’ ಅಂತ ಒತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಅಂತ.

ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಮೂರು ದಿನ ನುಂಗಿಕೊಂಡು ತಿರುಗಿದೆ. ಆದರೆ ಒಬ್ಬರನ್ನೊಬ್ಬರು ಕಾಯುತ್ತೇವೆಂದು ನುಂಗಿ ನುಂಗಿ ನಾವು ಎಲ್ಲಿಗೆ ಬಂದು ಮುಟ್ಟಿದೆವು, ನೋಡಿದೆಯಲ್ಲ. ಇನ್ನು ಈ ಮನೆಯಿಂದ ಯಾರೂ ಭೋರಿಗೆ ಹೋಗುವುದಿಲ್ಲ. ನೀನು ನಿಜ ಬರೆದೆ. ನಾನು ನಿನ್ನ ಜಾಗದಲ್ಲಿದ್ದರೆ ಆ ಖಾಲಿ ಜಾಗದಲ್ಲಿ ಹಾಲು ಉಕ್ಕಿಸುತ್ತಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸೋಮವಾರ ಸ್ವಲ್ಪ ಹೊತ್ತು ಇತ್ತು. ಅದನ್ನೂ ಬಚ್ಚಿಡುವುದಿಲ್ಲ.

ವಿಮೆ ಜುಲೈ ಮೂವತ್ತೊಂದರವರೆಗೆ ನಡೆಯುತ್ತದೆ. ಕೇಂದ್ರದವರ ಕಾಲು ಹಿಡಿದು ವಾರಕ್ಕೆ ಮೂರಿದ್ದ ವ್ಯಾಯಾಮವನ್ನು ದಿನಕ್ಕೆ ಎರಡು ಮಾಡಿಸಿಕೊಂಡಿದ್ದೇನೆ. ಇಷ್ಟು ಅವಸರ ಶರೀರಕ್ಕೆ ಆಗುವುದಿಲ್ಲ ಎನ್ನುತ್ತಾಳೆ ಅಲ್ಲಿಯ ಹುಡುಗಿ. ಶರೀರಕ್ಕೆ ತಾರೀಖು ಗೊತ್ತಿಲ್ಲವಮ್ಮ, ನನಗೆ ಗೊತ್ತಿದೆ ಅಂದೆ. ನಿನ್ನೆ ಮನೆಯಲ್ಲಿ ನಾಲ್ಕು ಹೆಜ್ಜೆ ನಡೆದರು. ಐದನೆಯದಕ್ಕೆ ಮೊಣಕಾಲು ಮಡಚಿತು, ಇಬ್ಬರೂ ನೆಲಕ್ಕೆ ಬಂದೆವು. ಅವರಿಗೆ ಏಳಲು ಬರಲಿಲ್ಲ, ನನಗೆ ಎತ್ತಲು ಆಗಲಿಲ್ಲ. ಕೆಳಗಿನ ಮನೆಯ ಶೈಲಾತಾಯಿ ಬರುವವರೆಗೆ ಫರಶಿಯ ಮೇಲೆ ಹಾಗೇ ಕೂತಿದ್ದೆವು. ಇನ್ನು ಇಪ್ಪತ್ತೆಂಟು ದಿನ. ಅಷ್ಟರೊಳಗೆ ನಡೆಯದಿದ್ದರೆ ಏನು ಮಾಡುವುದು ನನಗೆ ಗೊತ್ತಿಲ್ಲ. ಇಲ್ಲೊಂದು ತಮಾಷೆ ಬರೆಯಬೇಕೆಂದು ಅರ್ಧ ತಾಸು ಕೂತೆ. ಬರಲಿಲ್ಲ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ, ಕಿರುಬೆರಳಿನದೂ. ಈಗ ಅವರಿಗೆ ನಗು ಬಂದರೂ ಅಳು ಬಂದರೂ ಮುಖ ಒಂದೇ ರೀತಿ ಆಗುತ್ತದೆ, ಯಾವುದೆಂದು ನನಗೆ ತಿಳಿಯಲಿಲ್ಲ. ಆಮೇಲೆ ಪೆನ್ನು ಬೇಕೆಂದು ಸನ್ನೆ ಮಾಡಿದರು. ಕೆಳಗಿನ ಸಾಲು ಅವರ ಎಡಗೈಯದು. ಬರೆಯುವುದರಲ್ಲಿ ಬೆವತು ಹೋದರು. ಅಕ್ಷರ ನೋಡಿ ನಗಬೇಡ.

ವೈನಿ


ದೀಪಿ
ಫೋಟೋ ಚಲೋ ಬಂದದೇನು